ದೊಡ್ಡಮ್ಮನಿಗೆ ಗ್ರಹಣ ತೋರಿಸಲು ಹೋದದ್ದು

ಚೆನ್ನಾಗಿರುವುದೇನಾದರೂ ಕಣ್ಣಿಗೆ ಬಿದ್ದರೆ ಪಕ್ಕದಲ್ಲಿದ್ದವರಿಗೂ ತೋರಿಸದೆ ಇರಲಾರದ ಚಟ ನನ್ನದು. ಬೀಡಿ ಸೇದುವವರು ಬೀಡಿ ಬಿಟ್ಟಾರು, ನಾನು ತೋರಿಸುವುದನ್ನು ಬಿಡಲಾರೆ. ಒಮ್ಮೆ ಬೋರನಕಣಿವೆ ಜಲಾಶಯದ ಏರಿಯ ಮೇಲೆ ನೀಲಿ ಹಕ್ಕಿಯೊಂದು ಕೂತಿತ್ತು. ಹೆಂಡತಿಗೆ ತೋರಿಸೋಣವೆಂದು ನಾನು ಕೂಗಿದ ರಭಸಕ್ಕೆ ಹಕ್ಕಿ ಹಾರಿಹೋಗಿ, ಶಾಂತಾ ಪಾಲಿಗೆ ಉಳಿದದ್ದು ನನ್ನ ಚಾಚಿದ ಬೆರಳೊಂದೇ. "ಬೆರಳು ಚೆನ್ನಾಗೈತೆ ಕಣ್ರೀ, ಉಗುರು ತೆಗೀಬೇಕು ಅಷ್ಟೆ" ಎಂದಳು.

ಇಂಥವನಿಗೆ ಸೂರ್ಯಗ್ರಹಣ ಬಂದರೆ ಕೇಳಬೇಕೆ? ತುಮಕೂರಿಗೆ ಹೋಗಿ ಗ್ರಹಣ ನೋಡುವ ಕಪ್ಪು ಕನ್ನಡಕ ತಂದೆ. ಅಂಗಡಿಯಲ್ಲಿ ಉಳಿದಿದ್ದದ್ದು ಅದೊಂದೇ. ಬೀದಿಗೆಲ್ಲ ಸಾರಿದೆ. ಆದರೆ ನಿಜವಾದ ಆಸೆ ಬೇರೆಯೇ ಇತ್ತು. ನಮ್ಮಮ್ಮನ ಅಕ್ಕ ಪುಟ್ಟಗೌರಮ್ಮ ನಮ್ಮ ಜೊತೆಯಲ್ಲೇ ಇದ್ದಾಳೆ. ನನ್ನನ್ನು ಎತ್ತಿ ಆಡಿಸಿ ಮಾತು ಕಲಿಸಿದವಳು. ಎಂಬತ್ತು ದಾಟಿದರೂ ಒಂದು ಗ್ರಹಣವನ್ನೂ ಕಂಡವಳಲ್ಲ. ಗ್ರಹಣ ಹಿಡಿಯಿತೆಂದರೆ ಉಪ್ಪಿನಕಾಯಿ ಜಾಡಿಯ ಮೇಲೆ ಗರಿಕೆ ಇಟ್ಟು, ಬಾಗಿಲು ಮುಚ್ಚಿಕೊಂಡು ಶಿವ ಶಿವ ಅನ್ನುವುದೇ ಅವಳ ಪದ್ಧತಿ. ಮುಂದಿನ ಗ್ರಹಣ ಯಾವಾಗಲೋ, ಅಷ್ಟು ಹೊತ್ತಿಗೆ ಅವಳ ಕಣ್ಣು ಹೇಗಿರುತ್ತದೋ. ಈ ಸಲ ತೋರಿಸಲೇಬೇಕು ಎಂದುಕೊಂಡೆ.

"ಒಂದೇ ಒಂದ್ಸಲ ಬಾ ದೊಡ್ಡಮ್ಮ. ಈ ಕನ್ನಡಕ ಹಾಕ್ಕೊಂಡ್ರೆ ಕಣ್ಣಿಗೇನೂ ಆಗಲ್ಲ."

"ಕಣ್ಣಿನ ಮಾತಲ್ಲ ಕಣ್ಲಾ. ಸೂರ್ಯಪ್ಪನ್ನ ದಿನಾ ನೋಡ್ತೀನಿ. ಅವನಿಗೆ ತೊಂದ್ರೆ ಬಂದ ದಿನವೇ ಹೋಗಿ ಮುಖ ನೋಡೋದು ಮರ್ವಾದೆ ಏನ್ಲಾ? ಯಾರ್ದಾದ್ರೂ ಮನೇಲಿ ಜಗಳ ಆದ್ರೆ ಹೋಗಿ ಬಾಗ್ಲಲ್ಲಿ ನಿಂತ್ಕತಾರಾ?"

ನಮ್ಮ ಬೀದಿಯಲ್ಲಿ ನಿಂತುಕೊಳ್ಳುತ್ತಾರೆ. ಆದರೆ ಅದನ್ನು ಹೇಳುವ ಸಮಯ ಅದಾಗಿರಲಿಲ್ಲ. ದೊಡ್ಡಮ್ಮ ತೆಂಗಿನಕಾಯಿ ಅಟ್ಟದ ಕೆಳಗಿನ ಕೋಣೆಗೆ ಹೋಗಿ ಬಾಗಿಲು ಮುಂದಕ್ಕೆ ಎಳೆದುಕೊಂಡಳು.

ಅಂಗಳದಲ್ಲಿ ಕನ್ನಡಕ ಕೈಯಿಂದ ಕೈಗೆ ಹೋಗುತ್ತಿತ್ತು. "ಯಾರೋ ಹಪ್ಪಳ ಕಡಿದವ್ರೆ ಕಣ್ರೀ!" ಎಂದಳು ಶಾಂತಾ. ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಬಸವರಾಜಣ್ಣ ಕತ್ತು ಓರೆ ಮಾಡಿ ಬಹಳ ಹೊತ್ತು ಪರೀಕ್ಷಿಸಿದ. "ಉಂಡೆ ಕೊಬ್ಬರೀಲಿ ಒಂದು ಹೋಳು ಹಾರೋಗೈತೆ ಕಣಪ್ಪ. ಇಂಥ ಮಾಲು ನನ್ನ ಮಂಡಿಗೆ ತಂದ್ರೆ ವಾಪಸ್ ಕಳಿಸ್ತೀನಿ" ಎಂದು ತೀರ್ಪು ಕೊಟ್ಟ. ಎಲ್ಲರದ್ದೂ ಮುಗಿದು ಕೊನೆಗೆ ನನ್ನ ಸರದಿ ಬಂತು. ಕನ್ನಡಕ ಏರಿಸಿ ತಲೆ ಎತ್ತುವಷ್ಟರಲ್ಲಿ ಒಳಗಿನಿಂದ ಕೂಗು: "ಲೇ ಮಗಾ! ಬಾರ್ಲಾ ಇಲ್ಲಿ, ಬೇಗ!"

ಬಿದ್ದಳೇನೋ ಎಂದುಕೊಂಡೆ. ಓಡಿದೆ. ಕನ್ನಡಕ ತೆಗೆಯುವುದು ಹೊಳೆಯಲಿಲ್ಲ. ಆ ಕನ್ನಡಕದಲ್ಲಿ ಸೂರ್ಯನೊಬ್ಬನನ್ನು ಬಿಟ್ಟರೆ ಲೋಕದಲ್ಲಿ ಇನ್ನೇನೂ ಕಾಣುವುದಿಲ್ಲ. ಅಟ್ಟದ ಕೋಣೆಯ ಬಾಗಿಲೋ ಬಲು ಗಿಡ್ಡ. ಅದರ ಮೇಲಿನ ಮರದ ಪಟ್ಟಿ ನನ್ನ ಹಣೆಯನ್ನು ಧಡ್ ಎಂದು ಎದುರುಗೊಂಡಿತು.

ಕನ್ನಡಕ ಕಿತ್ತು ನೋಡಿದರೆ ದೊಡ್ಡಮ್ಮ ಬಿದ್ದಿರಲಿಲ್ಲ. ಕೋಣೆಯ ನಡುವೆ ನಿಂತಿದ್ದಳು. ಕಾಯೆಲ್ಲ ಇಳಿಸಿ ಬಿದಿರುಗಳದ ಅಟ್ಟ ಖಾಲಿಯಾಗಿದ್ದರಿಂದ ಹೆಂಚಿನ ಸಂದಿಗಳ ಬಿಸಿಲು ಗಳಗಳ ನಡುವಿನಿಂದ ನೇರವಾಗಿ ಕೆಳಗಿಳಿದಿತ್ತು. ಗೋಡೆಯ ಮೇಲೆ, ಗೋಣಿಚೀಲದ ಮೇಲೆ, ಅವಳ ಸೆರಗಿನ ಮೇಲೆ, ಎಲ್ಲಿ ನೋಡಿದರಲ್ಲಿ ಕುಡುಗೋಲಿನಂತೆ ಬಾಗಿದ ಪುಟ್ಟ ಪುಟ್ಟ ಬೆಳಕುಗಳು.

"ಏನ್ಲಾ ಇವು? ಬಿದಿಗೆ ಚಂದ್ರನ ಮರಿ ಇದ್ದಂಗವೆ?"

"ಸೂರ್ಯ ದೊಡ್ಡಮ್ಮ. ಗ್ರಹಣ ಹಿಡಿದಿರೋ ಸೂರ್ಯ. ಸಂದಿಗೊಬ್ಬ ಬಂದವ್ನೆ."

ಬೈಯುತ್ತಾಳೋ, ತಲೆಗೆ ನೀರು ಹುಯ್ಯಿ ಅನ್ನುತ್ತಾಳೋ ಎಂದು ಅವಳ ಮುಖ ನೋಡಿದೆ. ಅವಳು ಮೆಲ್ಲಗೆ ಕೈ ಚಾಚಿದಳು. ಸುಕ್ಕುಗಟ್ಟಿದ ಅಂಗೈಯಲ್ಲಿ ಒಬ್ಬ ಸೂರ್ಯ ಬಂದು ಕೂತ. ಬಹಳ ಹೊತ್ತು ನೋಡಿದಳು.

"ನಾನಾಗಿ ಹೋಗ್ಲಿಲ್ಲ ಕಣ್ಲಾ, ಅವನೇ ಬಂದ. ಮನೆಗೆ ಬಂದೋರ ಮುಖ ನೋಡ್ದೆ ಇರಕ್ಕಾಯ್ತದಾ?"

ಆಮೇಲೆ ಅವಳನ್ನು ಹಿಡಿಯುವವರೇ ಇರಲಿಲ್ಲ. "ಶಾಂತೀ, ಬಿಸಿಲಲ್ಲಿ ಯಾಕೆ ಒಣಗ್ತೀಯೇ, ಒಳಕ್ಕೆ ಬಾ! ಬಸವರಾಜನ್ನೂ ಕರ್ಕೊಂಡ್ ಬಾ!" ಎಂದು ಎಲ್ಲರನ್ನೂ ಕರೆಸಿ, ಒಬ್ಬೊಬ್ಬರ ಕೈಯನ್ನೂ ಬೆಳಕಿಗೆ ಹಿಡಿಸಿ, ಪ್ರಸಾದ ಹಂಚುವವಳಂತೆ ಸೂರ್ಯನನ್ನು ಹಂಚಿದಳು. ನನ್ನ ಕನ್ನಡಕವನ್ನು ಕೇಳುವವರೇ ಇಲ್ಲವಾದರು.

ಮಧ್ಯಾಹ್ನದೊಳಗೆ ಗ್ರಹಣ ಬಿಟ್ಟಿತು. ನನ್ನ ಹಣೆಯ ಬುಗುಟು ಮಾತ್ರ ಸಂಜೆಯವರೆಗೂ ಬೆಳೆಯುತ್ತಲೇ ಹೋಯಿತು. ಮಾರನೆಯ ದಿನ ಬೀದಿಯವರೆಲ್ಲ ಬಂದರು. ದೊಡ್ಡಮ್ಮನೇ ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ತೋರಿಸಿದಳು. ಅದನ್ನು ನೋಡಲು ಯಾರಿಗೂ ಕನ್ನಡಕ ಬೇಕಾಗಲಿಲ್ಲ.