ಒಕ್ಕಣ್ಣಿನ ಪಿಕಪ್ಪಿಗೆ ಎರಡನೆಯ ಕಣ್ಣು

2025ನೆಯ ಇಸವಿ, ಅಕ್ಟೋಬರ್ ಇಪ್ಪತ್ತೆರಡು, ಬುಧವಾರ, ಬಲಿಪಾಡ್ಯಮಿ. ಅಂದು ಬೆಳಿಗ್ಗೆ ಕೆರಿಯಪ್ಪನ ಪಿಕಪ್ಪಿಗೆ ಇದ್ದ ಹೆಡ್‌ಲೈಟುಗಳು ಎರಡು. ಅವುಗಳಲ್ಲಿ ಉರಿಯುತ್ತಿದ್ದುದು ಒಂದು. ಆ ಒಂದರಿಂದ ಕಾಣುತ್ತಿದ್ದುದು ಅರ್ಧ ರಸ್ತೆ. ಉಳಿದರ್ಧವನ್ನು ಕೆರಿಯಪ್ಪ ಬಹುಕಾಲದಿಂದ ಅಂದಾಜಿನ ಮೇಲೆ ನಿಭಾಯಿಸಿಕೊಂಡು ಬಂದಿದ್ದ.

ಅಂದಾಜು ತಪ್ಪಿದ್ದು ನವರಾತ್ರಿಯಲ್ಲಿ, ಅದೂ ಬೀಗರ ಅಂಗಳದಲ್ಲಿ. ಮಗಳು ಸ್ವಪ್ನಾಳನ್ನು ಹೊಸನಗರ ದಾಟಿ ತೀರ್ಥಹಳ್ಳಿಯ ಕಡೆಗಿರುವ ಹಳ್ಳಿಯೊಂದಕ್ಕೆ ಆ ವರ್ಷವೇ ಮದುವೆ ಮಾಡಿಕೊಟ್ಟಿದ್ದ. ಮುಸ್ಸಂಜೆಯಲ್ಲಿ ಮಗಳನ್ನೂ ಅಳಿಯನನ್ನೂ ಕೂರಿಸಿಕೊಂಡು ಹೊರಟವನಿಗೆ, ಬೆಳಕಿಲ್ಲದ ಎಡಗಡೆಯಲ್ಲಿ ಬೀಗರ ಗೊಬ್ಬರಗುಂಡಿ ಇದೆಯೆಂಬುದು ತಿಳಿದದ್ದು ಮುಂದಿನ ಚಕ್ರ ಅದರೊಳಕ್ಕೆ ಇಳಿದ ಮೇಲೆ. ಅಳಿಯ ದಿನೇಶ ಇಳಿದು ತಳ್ಳಿದ. ಅವನು ತೊಟ್ಟಿದ್ದ ಬಿಳಿಯ ಪ್ಯಾಂಟು ಅಂದಿನಿಂದ ಬಿಳಿಯ ಬಟ್ಟೆಗಳ ಲೆಕ್ಕಕ್ಕೆ ಸೇರಲಿಲ್ಲ.

ಬೀಗ ಬೆಳ್ಳಪ್ಪ ಮಾತನ್ನು ಬಿತ್ತನೆಯ ಭತ್ತದಂತೆ ಜೋಪಾನವಾಗಿ ಖರ್ಚು ಮಾಡುವ ಮನುಷ್ಯ. ಮೊದಲ ದೀಪಾವಳಿಗೆ ಅಳಿಯನನ್ನು ಮಾವನೇ ಬಂದು ಕರೆದೊಯ್ಯಬೇಕು. ಅದು ಅವರ ಕಡೆಯ ಕ್ರಮ. ಕ್ರಮದಂತೆ ಕೆರಿಯಪ್ಪ ಫೋನು ಮಾಡಿದಾಗ ಬೆಳ್ಳಪ್ಪ ಹೇಳಿದ್ದು ಇಷ್ಟೇ:

“ಪಾಡ್ಯದ ಸಂಜೆ ಬನ್ನಿ ಬೀಗ್ರೇ, ಬ್ಯಾಡ ಅನ್ನಲ್ಲ. ಆದ್ರೆ ಆ ಒಕ್ಕಣ್ಣಿನ ಗಾಡೀಲಿ ಮಕ್ಕಳ್ನ ಕಳ್ಸಲ್ಲ. ಬೆಳಕು ಸರಿ ಇದ್ರೆ ಕಳಿಸ್ತೀನಿ. ನಂದು ಒಂದೇ ಮಾತು.”

ಮೊದಲ ದೀಪಾವಳಿಗೆ ಅಳಿಯ ಬಾರದ ಮನೆಯೆಂದು ತನ್ನೂರು ಹೊನ್ನೆಮರಡಿನಿಂದ ಸಾಗರದ ಪೇಟೆಯವರೆಗೂ ಹೇಳಿಸಿಕೊಳ್ಳುವುದಕ್ಕಿಂತ ಪಿಕಪ್ಪನ್ನು ಲಿಂಗನಮಕ್ಕಿಯ ಹಿನ್ನೀರಿಗೆ ಇಳಿಸುವುದು ಮೇಲು ಎಂದು ಕೆರಿಯಪ್ಪ ತೀರ್ಮಾನಿಸಿದ. ಹಬ್ಬದ ಹಿಂದಿನ ದಿನ ಪೇಟೆಗೆ ಹೋಗಿ, ಎರಡು ಎಲ್‌ಇಡಿ ಬಲ್ಬು, ಹೊಸ ವೈರು ಮತ್ತು ಎರಡು ರಿಲೇ ಡಬ್ಬಿಗಳನ್ನು ತಂದ. ಬ್ಯಾಟರಿಯ ಕರೆಂಟು ಹಳೆಯ ಸ್ವಿಚ್ಚನ್ನು ಸುಡದೆ ನೇರವಾಗಿ ಲೈಟಿಗೆ ಹೋಗಲು ರಿಲೇ ಬೇಕು. ಡಿಮ್‌ಗೆ ಒಂದು, ಬ್ರೈಟ್‌ಗೆ ಒಂದು. ಇಷ್ಟನ್ನು ವಿವರಿಸಿದ ಎಲೆಕ್ಟ್ರಿಷಿಯನ್, ಕೂರಿಸಿಕೊಡುವುದು ಮಾತ್ರ ಹಬ್ಬ ಕಳೆದ ಮೇಲೆ ಎಂದು ಬಾಗಿಲೆಳೆದುಕೊಂಡ. ನಾನೇ ಕೂರಿಸುತ್ತೇನೆ ಎಂದು ಕೆರಿಯಪ್ಪ ಮುಚ್ಚಿದ ಬಾಗಿಲಿಗೆ ಹೇಳಿ ಬಂದ.

ಪಾಡ್ಯದ ಬೆಳಿಗ್ಗೆ ಗೋಪೂಜೆ ಮುಗಿಸಿ, ಪಿಕಪ್ಪಿನ ಬಾನೆಟ್ ಎತ್ತಿ, ಸ್ಪ್ಯಾನರಿಗಾಗಿ ಕೈ ಚಾಚಿದಾಗ ಮೊದಲನೆಯ ವಿಘ್ನ ಎದುರಾಯಿತು. ಸ್ಪ್ಯಾನರು, ಕಟಿಂಗ್ ಪ್ಲೇಯರು, ಸ್ಕ್ರೂಡ್ರೈವರು ಎಲ್ಲವನ್ನೂ ಹೆಂಡತಿ ದುಗ್ಗಮ್ಮ ನೇಗಿಲು, ಕತ್ತಿ, ಹಾರೆಗಳ ಸಾಲಿಗೆ ಸೇರಿಸಿ, ಜೇಡಿ ಕೆಮ್ಮಣ್ಣು ಬಳಿದು, ಹೂವೇರಿಸಿ ಪೂಜೆಗೆ ಕೂರಿಸಿದ್ದಳು. ಪೂಜೆಗಿಟ್ಟ ಕಬ್ಬಿಣವನ್ನು ಮರುದಿನದವರೆಗೆ ಕೆಲಸಕ್ಕೆ ಎತ್ತುವಂತಿಲ್ಲ. ಕೆರಿಯಪ್ಪ ಒಂದು ಸ್ಕ್ರೂಡ್ರೈವರನ್ನಾದರೂ ಬಿಡುಗಡೆ ಮಾಡೆಂದು ಬೇಡಿದ, ದುಗ್ಗಮ್ಮ ಒಪ್ಪಲಿಲ್ಲ. ಕೊನೆಗೆ ಅಡುಗೆಮನೆಯಿಂದ ಪಾತ್ರೆ ಹಿಡಿಯುವ ಇಕ್ಕಳ, ಒಂದು ಚಮಚ ಮತ್ತು ತೆಂಗಿನಕಾಯಿ ಹೆರೆಯುವ ಮಣೆ ಸಿಕ್ಕವು. ಮಣೆಯನ್ನು ಅವನು ಕೂರಲು ಬಳಸಿದ.

ಬಾನೆಟ್ ತೆರೆದ ವಾಹನವೆಂದರೆ ಸೋರುವ ಬೆಲ್ಲದ ಡಬ್ಬಿಯಿದ್ದಂತೆ. ಕರೆಯಬೇಕಾಗಿಲ್ಲ, ಬರುವವರು ಬರುತ್ತಾರೆ. ಮೊದಲು ಬಂದವನು ಪಕ್ಕದ ಮನೆಯ ಚಂದ್ರಯ್ಯ. ಜೋಗದ ವಿದ್ಯುದಾಗಾರದಲ್ಲಿ ದುಡಿದು ನಿವೃತ್ತನಾದವನು. ಅಲ್ಲಿ ಅವನು ನೋಡಿಕೊಳ್ಳುತ್ತಿದ್ದುದು ಸಾಮಾನು ಕೋಣೆಯನ್ನೆಂದು ತಿಳಿದವರು ಹೇಳುತ್ತಿದ್ದರಾದರೂ, ಕರೆಂಟಿನ ಮಾತಿನಲ್ಲಿ ಅವನಿಗೆ ಎದುರಾಡುವವರು ಆ ಊರಿನಲ್ಲಿ ಇರಲಿಲ್ಲ.

“ಹನ್ನೊಂದು ಸಾವಿರ ವೋಲ್ಟ್ ಪಕ್ಕದಲ್ಲೇ ಬುತ್ತಿ ಬಿಚ್ಚಿ ಉಂಡವ್ನು ನಾನು,” ಎಂದ ಚಂದ್ರಯ್ಯ. “ಇದು ಹನ್ನೆರಡು. ಮಕ್ಕಳಾಟ. ನೀನು ಹಿಡಿ, ನಾನು ಹೇಳ್ತೀನಿ.”

ಎರಡನೆಯವರು ಗಣೇಶಮೂರ್ತಿ. ತೋಟದ ಮನೆಯವರು, ಓದಿಕೊಂಡವರು. ಯಾವ ಕೆಲಸವನ್ನೂ ಫೋನಿನಲ್ಲಿ ನೋಡದೆ ನಂಬುವವರಲ್ಲ. ಬ್ಯಾಟರಿಯ ವೈರನ್ನು ಮೊದಲು ಕಳಚಬೇಕೆಂದು ವೀಡಿಯೋದವನು ಹೇಳುತ್ತಿದ್ದಾನೆ ಎಂದು ಅವರು ತಿಳಿಸಿದರು. ಹನ್ನೆರಡು ವೋಲ್ಟಿಗೆ ಅಷ್ಟು ಮರ್ಯಾದೆ ಬೇಡವೆಂದು ಚಂದ್ರಯ್ಯ ತೀರ್ಪಿತ್ತ. ಅದೇ ಗಳಿಗೆಯಲ್ಲಿ ಕೆರಿಯಪ್ಪನ ಕೈಯ ಇಕ್ಕಳ ಜಾರಿ ಬ್ಯಾಟರಿಯ ಎರಡು ತುದಿಗಳಿಗೂ ಅಡ್ಡಬಿತ್ತು. ಚಟಾರೆಂದು ಹಾರಿದ ಕಿಡಿಗೆ ಕೊರಳಹಾರ ತೊಟ್ಟಿದ್ದ ಕರು ಹಗ್ಗ ಕಿತ್ತುಕೊಂಡು ಗದ್ದೆಯ ದಾರಿ ಹಿಡಿಯಿತು. ಹನ್ನೊಂದು ಸಾವಿರ ವೋಲ್ಟಿನ ಪಕ್ಕದಲ್ಲಿ ಉಂಡಿದ್ದ ಚಂದ್ರಯ್ಯ ಕರುವಿಗಿಂತ ಮುಂದಿದ್ದ.

ಇಕ್ಕಳದ ಒಂದು ತುದಿ ಕರಗಿ ಗಿಳಿಯ ಕೊಕ್ಕಿನಂತಾಯಿತು. ಕೆರಿಯಪ್ಪ ಅದನ್ನು ದುಗ್ಗಮ್ಮನ ಕಣ್ಣಿಗೆ ಬೀಳದಂತೆ ಸೀಟಿನಡಿ ತಳ್ಳಿ, ಬ್ಯಾಟರಿಯ ವೈರು ಕಳಚಿ, ಹಲ್ಲಿನಿಂದ ಹೊಸ ವೈರಿನ ಸಿಪ್ಪೆ ಸುಲಿದು ಕೆಲಸ ಮುಂದುವರಿಸಿದ. ಚಂದ್ರಯ್ಯ ಹಿಂದಿರುಗಿ ಬಂದು, ಕರುವನ್ನು ಹಿಡಿಯಲು ಹೋಗಿದ್ದೆನೆಂದ. ಕರು ಇನ್ನೂ ಸಿಕ್ಕಿರಲಿಲ್ಲ.

ರಿಲೇಗಳ ಸರದಿ ಬಂದಾಗ ವೀಡಿಯೋದವನು ಡಿಮ್‌ನದು ಎಡಕ್ಕೆ, ಬ್ರೈಟ್‌ನದು ಬಲಕ್ಕೆ ಎಂದ. ಕೆರಿಯಪ್ಪ ಹಾಗೆಯೇ ಕೂರಿಸಿದ. ಹಗಲಿಗೂ ಕತ್ತಲಿರುವ ಕೊಟ್ಟಿಗೆಯ ಗೋಡೆಗೆ ಗಾಡಿಯನ್ನು ಎದುರು ನಿಲ್ಲಿಸಿ ಸ್ವಿಚ್ ಹಾಕಿದಾಗ, ಗೋಡೆ ಹೊಸ ಸುಣ್ಣ ಬಳಿದಂತೆ ಬೆಳಗಿತು. ಜೇಡರ ಬಲೆಯ ಎಳೆಗಳೂ ಎಣಿಸುವಂತೆ ಕಂಡವು. ಆಮೇಲೆ ಕೆರಿಯಪ್ಪ ಸ್ಟೇರಿಂಗಿನ ಪಕ್ಕದ ಕಡ್ಡಿಯನ್ನು ಡಿಮ್‌ಗೆ ಎಳೆದ. ಬೆಳಕು ತಗ್ಗಲಿಲ್ಲ, ಏರಿತು. ಬ್ರೈಟ್‌ಗೆ ತಳ್ಳಿದ. ತಗ್ಗಿತು.

ಕಾರಣ ಸರಳವಾಗಿತ್ತು. ವೀಡಿಯೋದವನು ಹೇಳಿದ ಎಡಬಲ ಗಾಡಿಯೊಳಗೆ ಕೂತವನದು. ಇವರು ಮೂವರೂ ಗಾಡಿಗೆ ಎದುರಾಗಿ ನಿಂತು ನೋಡಿದ್ದರು. ಎದುರು ನಿಂತವನ ಎಡ, ಕೂತವನ ಬಲ. ಅದನ್ನು ಕಂಡುಹಿಡಿದ ಗಣೇಶಮೂರ್ತಿಯವರು, ಬಿಚ್ಚಿ ಮತ್ತೆ ಕೂರಿಸಲು ಎರಡು ತಾಸು ಸಾಕೆಂದರು. ಆಗ ಗಂಟೆ ನಾಲ್ಕು. ಎರಡು ತಾಸು ಕಳೆದರೆ ಬೀಗರ ಮನೆ ತಲುಪುವುದು ಊಟದ ಎಲೆ ಎತ್ತಿದ ಮೇಲೆ.

“ಬಿಚ್ಚೋದೆಂತಕ್ಕೆ?” ಎಂದ ಚಂದ್ರಯ್ಯ. “ಗಾಡಿ ಉಲ್ಟಾ ಆದ್ರೆ ನೀನೂ ಉಲ್ಟಾ ಆಗು. ಎಳೆದ್ರೆ ದೊಡ್ಡದು, ತಳ್ಳಿದ್ರೆ ಸಣ್ಣದು. ಇಷ್ಟು ನೆನಪಿಡಕ್ಕೆ ಆಗಲ್ವಾ?”

ಆಗುತ್ತದೆ ಎಂದ ಕೆರಿಯಪ್ಪ. ತನ್ನ ಜೀವಮಾನದಲ್ಲಿ ಆಗುವುದಿಲ್ಲವೆಂದು ಅವನು ಯಾರಿಗೂ ಹೇಳಿದವನಲ್ಲ.

ಅವನು ಹೊರಡುವಾಗ ದುಗ್ಗಮ್ಮ ಚೀನಿಕಾಯಿ ಕಡುಬಿಗೆ ಬಾಳೆಲೆ ಬಾಡಿಸುತ್ತಿದ್ದಳು. ಅಲ್ಲಿಂದಲೇ ಕೂಗಿ ಹೇಳಿದಳು: “ದಾರೀಲಿ ಅಂಟಿಗೆ ಪಂಟಿಗೆಯೋರು ಸಿಕ್ರೆ ಗಾಡಿ ನಿಲ್ಸಿ. ಲೈಟು ಸಣ್ಣ ಮಾಡಿ ಕೈ ಮುಗೀರಿ. ದೀಪ ಎದುರು ಬಂದಾಗ ಸೊಕ್ಕು ಮಾಡಬಾರ್ದು.”

ಹೇಳುವ ಅಗತ್ಯವಿರಲಿಲ್ಲ. ಪಾಡ್ಯದ ಸಂಜೆ ದೇವಸ್ಥಾನದಲ್ಲಿ ಹೊತ್ತಿಸಿದ ದೀಪವನ್ನು ಹಿಡಿದು, ಹಾಡುತ್ತ ಮನೆಯಿಂದ ಮನೆಗೆ ಹೋಗಿ, ಪ್ರತಿ ಮನೆಯ ಹಣತೆಗೂ ಆ ಬೆಳಕನ್ನು ಅಂಟಿಸಿ ಬರುವ ತಂಡದಲ್ಲಿ ಕೆರಿಯಪ್ಪನೂ ಪ್ರಾಯದಲ್ಲಿ ಹಾಡಿದ್ದವನೇ. ಮೂರು ರಾತ್ರಿ ಆ ದೀಪ ಆರಬಾರದು. ಎದುರಾದವರು ಯಾರೇ ಆಗಲಿ, ದಾರಿ ಬಿಟ್ಟು ನಿಲ್ಲಬೇಕು.

ದಾರಿಯುದ್ದಕ್ಕೂ ಕೆರಿಯಪ್ಪ ಮಗ್ಗಿ ಒಪ್ಪಿಸುವ ಹುಡುಗನಂತೆ ಬಾಯಿಪಾಠ ಮಾಡಿದ: ಎಳೆದರೆ ದೊಡ್ಡದು, ತಳ್ಳಿದರೆ ಸಣ್ಣದು. ಹೊಸನಗರದ ಆಚೆ ಬಸ್ಸೊಂದು ಎದುರಾಯಿತು. ತಳ್ಳಿದ, ಬೆಳಕು ತಗ್ಗಿತು. ಜೀಪೊಂದು ಬಂತು, ತಳ್ಳಿದ, ತಗ್ಗಿತು. ಕತ್ತಲು ಕವಿದು, ತಿರುವಿನಲ್ಲಿ ಮಂಜು ಇಳಿದಾಗಲೂ ರಸ್ತೆಯ ಎರಡು ಅಂಚುಗಳೂ ಮದುವೆ ಸೀರೆಯ ಅಂಚಿನಂತೆ ಸ್ಪಷ್ಟವಾಗಿ ಕಾಣುತ್ತಿದ್ದವು. ಇನ್ನು ಬೆಳ್ಳಪ್ಪ ಯಾವ ಬಾಯಲ್ಲಿ ಒಕ್ಕಣ್ಣು ಅನ್ನುತ್ತಾನೆ ನೋಡೋಣ ಎಂದುಕೊಂಡ. ಆ ಸಂತೋಷದಲ್ಲಿ ಬಾಯಿಪಾಠ ನಿಂತುಹೋಯಿತು.

ಬೀಗರ ಊರಿನ ಮಣ್ಣುದಾರಿಗೆ ತಿರುಗಿದಾಗ ಹಾಡು ಕೇಳಿಸಿತು. ಹತ್ತಾರು ಗಂಡಸರು, ಹೆಗಲ ಮೇಲೆ ಕಂಬಳಿ. ಮುಂದೆ ಹಿರಿಯನೊಬ್ಬನ ಕೈಯಲ್ಲಿ ದೀಪ. ಕೆರಿಯಪ್ಪ ಗಾಡಿ ನಿಲ್ಲಿಸಿದ. ಚಪ್ಪಲಿ ಬಿಟ್ಟ. ಬಹುವರ್ಷದ ಅಭ್ಯಾಸದ ಕೈ, ಭಕ್ತಿಯಿಂದ, ಕಡ್ಡಿಯನ್ನು ತನ್ನ ಕಡೆಗೆ ಎಳೆಯಿತು. ಆಮೇಲೆ ಅವನು ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದ. ಆದ್ದರಿಂದ ಮುಂದೆ ನಡೆದದ್ದನ್ನು ನೋಡದೆ ಉಳಿದವನು ಆ ದಾರಿಯಲ್ಲಿ ಅವನೊಬ್ಬನೇ.

ಹಾಡು ಅರ್ಧ ಸಾಲಿಗೆ ನಿಂತಿತು. ಕೆರಿಯಪ್ಪ ಕಣ್ಣು ತೆರೆದಾಗ, ಹಾಡುತ್ತಿದ್ದವರೆಲ್ಲ ಮುಖಕ್ಕೆ ಕಂಬಳಿ ಮುಚ್ಚಿಕೊಂಡು ತಲೆಯಿಲ್ಲದವರಂತೆ ನಿಂತಿದ್ದರು. ದೀಪ ಹಿಡಿದ ಹಿರಿಯ ತಿಮ್ಮಣ್ಣ ಕಾಣಿಸಲಿಲ್ಲ. ದಾರಿಯ ಪಕ್ಕದ ಚರಂಡಿಯಿಂದ ಅವನ ಒಂದು ಕೈ ಮಾತ್ರ ಮೇಲಕ್ಕೆ ಚಾಚಿತ್ತು. ಕೈಯಲ್ಲಿ ದೀಪವಿತ್ತು. ದೀಪದಲ್ಲಿ ಬೆಳಕಿರಲಿಲ್ಲ.

ತಿಮ್ಮಣ್ಣನನ್ನು ಮೇಲೆತ್ತಿದರು. ಮೈಗೆ ಕೆಸರು ಬಿಟ್ಟರೆ ಏನೂ ಆಗಿರಲಿಲ್ಲ. ಗುಂಪಿನಿಂದ ಒಬ್ಬನು ಕಂಬಳಿ ಸರಿಸಿ, ಅಂಗೈಯನ್ನು ಹಣೆಗಿಟ್ಟುಕೊಂಡು ಗಾಡಿಯ ಬಳಿಗೆ ಬಂದ. ಆ ವರ್ಷದ ಹಾಡಿನ ಮುಂದಾಳು. ಬೀಗ ಬೆಳ್ಳಪ್ಪ.

“ಬೀಗ್ರಾ?”

“ಹೌದು,” ಎಂದ ಕೆರಿಯಪ್ಪ, ಕಡ್ಡಿಯನ್ನು ತಳ್ಳಿ.

ಬೆಳ್ಳಪ್ಪ ಬಲಗಡೆಯ ಲೈಟನ್ನು ನೋಡಿದ. ಎಡಗಡೆಯದನ್ನು ನೋಡಿದ. “ಎರಡೂ ಉರೀತಾವೆ,” ಎಂದ.

ಕೆರಿಯಪ್ಪ ರಿಲೇ, ವೀಡಿಯೋ, ಎದುರು ನಿಂತವನ ಎಡ, ಕೂತವನ ಬಲ ಎಲ್ಲವನ್ನೂ ವಿವರಿಸಿದ. ತಪ್ಪು ಭಕ್ತಿಯಿಂದಲೇ ಆಯಿತೆಂದು ಎರಡು ಸಲ ಹೇಳಿದ. ಬೆಳ್ಳಪ್ಪ ಕೊನೆಯವರೆಗೂ ಕೇಳಿ, ಆ ಊರಿನ ಕಟ್ಟಳೆಯನ್ನು ತಿಳಿಸಿದ. ಆರಿದ ದೀಪಕ್ಕೆ ಬೆಂಕಿಕಡ್ಡಿ ಗೀರುವಂತಿಲ್ಲ; ದೀಪ ಅಂಟಿಸಿಕೊಂಡ ಕೊನೆಯ ಮನೆಗೆ ನಡೆದುಹೋಗಿ, ಅಲ್ಲಿಂದಲೇ ಹೊತ್ತಿಸಿ ತರಬೇಕು. ಆರಿಸಿದವನು, ಅವನು ಯಾವ ಊರಿನವನಾದರೂ, ಮೂರು ರಾತ್ರಿಯೂ ಬರಿಗಾಲಲ್ಲಿ ದೀಪ ಹೊರಬೇಕು.

“ಮತ್ತೆ ಮಕ್ಕಳು?” ಎಂದು ಕೇಳಿದ ಕೆರಿಯಪ್ಪ. “ನಾ ಬಂದಿದ್ದು ಅವರ್ನ ಕರ್ಕೊಂಡು ಹೋಗಕ್ಕೆ.”

“ಬೆಳಕು ಸರಿ ಇದ್ರೆ ಕಳಿಸ್ತೀನಿ ಅಂದಿದ್ದೆ. ಸರಿ ಇದೆ. ಮಕ್ಕಳು ಹೋಗ್ತಾರೆ, ದಿನೇಶ ಗಾಡಿ ಹೊಡೀತಾನೆ.” ಬೆಳ್ಳಪ್ಪ ಆರಿದ ದೀಪವನ್ನು ಬೀಗನ ಕೈಗಿತ್ತ. “ನೀವು ಇಳೀರಿ ಬೀಗ್ರೇ. ಚಪ್ಪಲಿ ಹೆಂಗೂ ಬಿಟ್ಟಿದೀರಿ.”

ಸುದ್ದಿ ಮುಟ್ಟಿ, ಬಟ್ಟೆಯ ಚೀಲ ಹಿಡಿದು ಸ್ವಪ್ನಾ ಮತ್ತು ದಿನೇಶ ಬಂದರು. ಅಳಿಯ ಆ ಸಲ ಕಪ್ಪು ಪ್ಯಾಂಟು ತೊಟ್ಟಿದ್ದ. ಕೆರಿಯಪ್ಪ ಕಡ್ಡಿಯ ಉಲ್ಟಾ ಲೆಕ್ಕವನ್ನು ಮೂರು ಸಲ ಒಪ್ಪಿಸಿದ. ಅಳಿಯ ಒಂದೇ ಸಲಕ್ಕೆ ಕಲಿತ. ಸ್ವಪ್ನಾ ನಗುವನ್ನು ಸೆರಗಿನಲ್ಲಿ ಕಟ್ಟಿಕೊಂಡು, “ಅಪ್ಪಾ, ನಿನ್ನ ಪಾಲಿನ ಕಡುಬು ಎತ್ತಿಡಕ್ಕೆ ಹೇಳ್ತೀನಿ,” ಎಂದು ಗಾಡಿ ಹತ್ತಿದಳು. ಪಿಕಪ್ಪು ತಿರುಗಿತು. ಒಂದು ದಿನವಿಡೀ ಹಲ್ಲಿನಿಂದ ವೈರು ಸುಲಿದು ಅವನು ತಂದುಕೊಂಡಿದ್ದ ಬೆಳಕು, ಮರದಿಂದ ಮರಕ್ಕೆ ಹಾಯುತ್ತ, ಅವನಿಲ್ಲದೆ ಸಾಗರದ ಕಡೆಗೆ ಹೋಯಿತು.

ಕೆರಿಯಪ್ಪ ಹಿಂದಿನ ಮನೆಗೆ ನಡೆದುಹೋಗಿ ದೀಪ ಹೊತ್ತಿಸಿಕೊಂಡು ಬಂದ. ಕಾಲಡಿಯ ಕಲ್ಲು ಒಂದೂ ಕಾಣಿಸುತ್ತಿರಲಿಲ್ಲ. ಅಂದಾಜಿನ ಮೇಲೆ ನಡೆದ. ಬೆಳ್ಳಪ್ಪನ ಹಾಡು ಹಿಂದಿನಿಂದ ತಳ್ಳುತ್ತಿತ್ತು. ಮನೆಮನೆಯ ಹೆಂಗಸರು ದೀಪಕ್ಕೆ ಎಣ್ಣೆ ಎರೆದು, ದೀಪ ಹಿಡಿದವನ ಮುಖ ನೋಡಿ, ಇವರು ಸ್ವಪ್ನಾಳ ಅಪ್ಪ ಅಲ್ಲವೇ ಎಂದು ವಿಚಾರಿಸಿದರು. ಬೀಗರ ಮನೆಯ ಹೊಸಲನ್ನು ತಲುಪುವಾಗ ಅಂಗಿಯ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ದೀಪವನ್ನು ಎಡಗೈಗೆ ಬದಲಿಸಿ, ಬಾಗಿ ಗಾಳಿಯನ್ನು ಮೈಯಿಂದ ಮರೆಮಾಡಿ, ಕೆರಿಯಪ್ಪ ಫೋನು ಕಿವಿಗಿಟ್ಟ.

“ಮಕ್ಕಳು ಬಂದ್ರು,” ಎಂದಳು ದುಗ್ಗಮ್ಮ. “ಲೈಟು ಹಗಲಿದ್ದಂಗೆ ಇತ್ತಂತೆ, ಅಳಿಯ ಹೊಗಳ್ತಾ ಉಣ್ತಾ ಇದಾನೆ. ಗಾಡಿ ಇಲ್ಲೇ ಇರ್ಲಿ ಅಂದೆ, ಹಬ್ಬ ಮುಗಿಸ್ಕೊಂಡೇ ಹೋಗ್ಲಿ. ಅದಿರ್ಲಿ, ಸೀಟಿನಡಿ ನನ್ನ ಇಕ್ಕಳ ಸಿಕ್ತು.”

ಹೊಸಲಿನಾಚೆ ಬೀಗಿತಿ ಎಣ್ಣೆಯ ಗಿಂಡಿ ಹಿಡಿದು ಕಾಯುತ್ತಿದ್ದಳು. ಕೆರಿಯಪ್ಪ ಫೋನನ್ನು ಕಿಸೆಗೆ ಇಳಿಸಿ, ದೀಪವನ್ನು ಎರಡೂ ಕೈಗಳಲ್ಲಿ ಮುಂದೆ ಹಿಡಿದ.

ಮರುದಿನ ಕೋಳಿ ಕೂಗುವ ಹೊತ್ತಿಗೆ ಮೂರು ರಾತ್ರಿಗಳ ಋಣದಲ್ಲಿ ಒಂದು ತೀರಿತ್ತು. ಬಾಕಿ ಎರಡು; ಇಕ್ಕಳ ಬೇರೆ.