ಹೊಸ್ತಿಲ ಮೇಲಿನ ಮಾಸ್ತರ

ತರಗತಿಯೊಳಗೆ ಕಾಲಿಡದೆ ಇಪ್ಪತ್ತು ವರ್ಷ ಪಾಠ ಹೇಳಿದ ಮಾಸ್ತರರನ್ನು ನೀವು ಕಂಡಿದ್ದೀರಾ? ನಮ್ಮ ಕಾಕಾ ಅಂಥವರು! ಇಪ್ಪತ್ತೋ, ಹದಿನೈದೋ, ನನ್ನ ನೆನಪನ್ನು ನಾನೇ ನಂಬುವುದಿಲ್ಲ.

ಜಮಖಂಡಿಯ ಬಸ್ಸು ಇಳಿದು ಮತ್ತೆ ನಡೆಯಬೇಕಾದ ಸರಕಾರಿ ಹೈಸ್ಕೂಲು. ಎಂಟನೆಯ ಮತ್ತು ಒಂಬತ್ತನೆಯ ತರಗತಿಗಳ ನಡುವೆ ಒಂದು ಬಾಗಿಲು. ಗಣಿತಕ್ಕೆ ಇಬ್ಬರು ಬೇಕು, ಇದ್ದವರು ಕಾಕಾ ಒಬ್ಬರೇ. ಹೊಸ್ತಿಲ ಮೇಲೆ ನಿಂತು ಎಡಕ್ಕೆ ಭಿನ್ನರಾಶಿ, ಬಲಕ್ಕೆ ತ್ರಿಕೋನ ಹೇಳುತ್ತಿದ್ದರು. ಬೆಂಚಿಗೆ ಐದೈದು ಮಕ್ಕಳು; ಒಬ್ಬ ಕೆಮ್ಮಿದರೆ ಇಡೀ ಸಾಲೇ ಅಲುಗುತ್ತಿತ್ತು.

ನಮ್ಮದು ಬನಹಟ್ಟಿಯ ನೇಕಾರರ ಮನೆತನ. ಕಾಕಾ ಚಿಕ್ಕಂದಿನಲ್ಲಿ ಎರಡು ಪವರ್‌ಲೂಮುಗಳ ನಡುವೆ ನಿಂತು ಎರಡನ್ನೂ ನೋಡಿಕೊಂಡವರು. ಉಳಿದ ಮಾಸ್ತರರು ಗದ್ದಲಕ್ಕೆ ಸಿಟ್ಟಾದರೆ ಇವರು ಮೌನಕ್ಕೆ ಗಾಬರಿಯಾಗುತ್ತಿದ್ದರು! ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಹುಡುಗರನ್ನು ಗದರಿ ಸುಮ್ಮನಾಗಿಸಿದರಂತೆ. ಕಾಕಾ ಕೈಮುಗಿದರು.

"ಗದ್ದಲ ಇದ್ರ ಮಗ್ಗ ನಡದೈತಿ ಅಂತ ಅರ್ಥರೀ ಸಾಹೇಬ್ರ. ಸುಮ್ಮನಾತಂದ್ರ ಎಲ್ಲೋ ಎಳಿ ಹರದೈತಿ."

ಸಾಹೇಬರು ವರದಿಯಲ್ಲಿ ಏನು ಬರೆದರೋ! ಇನ್ನೊಬ್ಬ ಮಾಸ್ತರರಂತೂ ಬರಲಿಲ್ಲ.

ನಾನಾಗ ಧಾರವಾಡದಲ್ಲಿ ಗಣಿತ ಓದಿ ಬಂದು, ಜಮಖಂಡಿಯಲ್ಲಿ ಟ್ಯೂಷನ್ ಹೇಳುತ್ತ, ಎಲ್ಲದರಲ್ಲೂ ಹುಳುಕು ಹುಡುಕುತ್ತಿದ್ದೆ. ಜೂನ್ ಬಂತೆಂದರೆ ಕಾಕಾ ಅತಿಥಿ ಶಿಕ್ಷಕನಾಗಿ ಬಾ ಎಂದು ಕರೆಯುವರು. ಒಂಬತ್ತನೆಯದನ್ನು ನೀನು ಹಿಡಿದರೆ ಸಾಕು, ಮುಂದೆ ಹತ್ತರಲ್ಲಿ ಮಕ್ಕಳು ಗಣಿತಕ್ಕೆ ಫೇಲಾಗಿ ಶಾಲೆ ಬಿಡುವುದು ತಪ್ಪುತ್ತದೆ ಎನ್ನುವರು. ಪೇಟೆಯ ಸರಕಾರಿ ಶಾಲೆಯೊಂದನ್ನು ನಾನು ನೋಡಿದ್ದೆ. ಅಲ್ಲಿ ತರಗತಿಗೆ ಹನ್ನೊಂದು ಮಕ್ಕಳು, ಗಣಿತಕ್ಕೆ ಇಬ್ಬರು ಮಾಸ್ತರರು. ಸರದಿಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ತಾಲೂಕಿನ ಮಕ್ಕಳನ್ನೆಲ್ಲ ಕೂಡಿಸಿ, ಮಾಸ್ತರರ ಲೆಕ್ಕದಿಂದ ಭಾಗಿಸಿ, ಪಾಂಡಿತ್ಯ ತೋರಿಸಿದೆ.

"ಕಾಕಾ, ತಾಲೂಕಿನ ಸರಾಸರಿ ಛಲೋನ ಐತಿ."

"ಹೌದೇನೋ ತಮ್ಮಾ? ಹಂಗಾರ ಆ ಸರಾಸರಿಗೆ ಹೇಳು, ನಾಳಿ ಬಂದು ಒಂಬತ್ತನೇದಕ್ಕ ಪಾಠ ಹೇಳಲಿ."

ನಕ್ಕುಬಿಟ್ಟೆ. ಮುಂದಿನ ಜೂನ್‌ಗೆ ಖಂಡಿತ ಬರುತ್ತೇನೆ ಎಂದೆ. ಹಾಗೆ ಎಷ್ಟು ಸಲ ಅಂದಿದ್ದೆ? ಎರಡು ಸಲ ಎಂದು ನನ್ನ ನೆನಪು.

ಹೋದ ವರ್ಷ ಕಾಕಾ ನಿವೃತ್ತರಾದರು. ಈ ಜೂನ್‌ನಲ್ಲಿ ಅದೇ ಶಾಲೆಗೆ ಅತಿಥಿ ಶಿಕ್ಷಕನಾಗಿ ಹೋದೆ. ಕಪಾಟಿನಲ್ಲಿ ಅವರ ಕೈಬರಹದ ಹಳೆಯ ವೇಳಾಪಟ್ಟಿಗಳಿದ್ದವು, ವರ್ಷಕ್ಕೊಂದು. ಮಾಸ್ತರರಿಲ್ಲದ ವಿಷಯಗಳ ಮುಂದೆಲ್ಲ ಬರೀ ಗೆರೆ. ಒಂಬತ್ತನೆಯ ಗಣಿತದ ಮುಂದೆ ಮಾತ್ರ ಪೆನ್ಸಿಲಿನಲ್ಲಿ ಬರೆದಿತ್ತು: "ನಮ್ಮ ಹುಡುಗ ಬರ್ತಾನ."

ಏಳು ವೇಳಾಪಟ್ಟಿ. ಏಳರಲ್ಲೂ ಅದೇ ಸಾಲು.

ಗಂಟೆ ಹೊಡೆಯಿತು. ಎಂಟನೆಯ ತರಗತಿಯ ಗಣಿತಕ್ಕೆ ಈಗ ಮಾಸ್ತರರು ಯಾರೂ ಇಲ್ಲ. ಎರಡು ಚಾಕ್‌ಪೀಸ್ ತೆಗೆದುಕೊಂಡು ಹೋಗಿ, ಹೊಸ್ತಿಲ ಮೇಲೆ ನಿಂತೆ.