ಮಂಗಳಾರತಿಯೂ ನ್ಯಾನೊ ಈರುಳ್ಳಿಯೂ

ಹೆದರಿಕೊಳ್ಳುವುದಕ್ಕೆ ಕೆಲವರಿಗೆ ಕಾರಣ ಬೇಕಾಗುತ್ತದೆ. ನನಗೆ ಬೇಕಿಲ್ಲ. ನಾನು ಸುಮ್ಮನೆ ಶುರುಮಾಡಿದರೆ ಸಾಕು, ಕಾರಣ ಆಮೇಲೆ ತಾನೇ ಬಂದು ಸೇರಿಕೊಳ್ಳುತ್ತದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೂದಿಗೆರೆ ದಾಟಿದ ಮೇಲೆ ಸ್ಕೂಟರ್ ತಿರುಗಿಸಿದವನು ನಾನು. ಗ್ಯಾಸ್ ಆರಿಯೇ ಇತ್ತು. ಆ ಗಾಬರಿಯಲ್ಲಿ ಬೀಗ ಹಾಕುವುದನ್ನು ಮರೆತು ಮತ್ತೆ ಹೊರಟಿದ್ದೆ. ಇಂಥವನಿಗೆ ದೇವರು ಕೊಟ್ಟ ಕೆಲಸ ಯಾವುದು ನೋಡಿ: ದೇವನಹಳ್ಳಿ ಕಡೆಯ ಒಂದು ಪ್ರಯೋಗಾಲಯದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನಡೆಸುವುದು.

ಆಳಿಗಿಂತ ಎತ್ತರದ ಯಂತ್ರ ಅದು. ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಹಾಯಿಸಿ, ಕೂದಲೆಳೆಯನ್ನು ಸಾವಿರಾರು ಸಲ ಸೀಳಿದರೂ ಸಿಗದಷ್ಟು ಸಣ್ಣದನ್ನು ಪರದೆಯ ಮೇಲೆ ತೋರಿಸುತ್ತದೆ. ಸಿಡುಕಿನ ಸ್ವಭಾವ ಬೇರೆ. ಹೊರಗೆ ಲಾರಿ ಹೋದರೂ ಚಿತ್ರ ಅಲುಗುತ್ತದೆ, ಪಕ್ಕದಲ್ಲಿ ಕೆಮ್ಮಿದರೂ ಅಲುಗುತ್ತದೆ. ಅದರಲ್ಲಿ ಏನು ನೋಡುತ್ತೀರಿ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ 'ಮಸಿ' ಎಂದಿದ್ದೆ. ಅಷ್ಟು ದೂರ ಹೋಗಿ ಮಸಿ ನೋಡುವ ಬದಲು ಅಡುಗೆಮನೆ ಗೋಡೆ ಒರೆಸಬಹುದಲ್ಲ ಎಂದಳು. ನಾನು ಹೇಳಿದ್ದು ಸುಳ್ಳಲ್ಲ. ನಮ್ಮಲ್ಲಿ ಸಂಶೋಧನೆ ಮಾಡುವ ಆವತಿ ಊರಿನ ಹುಡುಗಿ ರಮ್ಯಾ, ಇಂಗಾಲದ ನ್ಯಾನೊ ಕೊಳವೆಗಳನ್ನು ಕುಲುಮೆಯಲ್ಲಿ ಕಾಯಿಸಿ, ಕಾದ ಮೇಲೆ ಅವುಗಳ ರಚನೆ ಹೇಗೆ ಬದಲಾಗುತ್ತದೆ ಎಂದು ನೋಡುತ್ತಿದ್ದಳು. ಇಂಗಾಲದ ಹಾಳೆಯನ್ನು ಚಾಪೆಯಂತೆ ಸುತ್ತಿದರೆ ಒಂದು ಕೊಳವೆ. ಬರಿಗಣ್ಣಿಗೆ ಮಾತ್ರ ಒಂದು ಚಿಟಿಕೆ ಮಸಿಯೇ.

ಆಯುಧಪೂಜೆ ಬಂತು. ನಮ್ಮಜ್ಜಿಯ ಹಿಂದೆ ಮುಂದೆ ಓಡಾಡಿ ಪೂಜೆಯ ಕ್ರಮ ಕಲಿತವನಾದ್ದರಿಂದ ಪ್ರಯೋಗಾಲಯದಲ್ಲಿ ಅರ್ಚಕನ ಪಟ್ಟ ನನ್ನದೇ. ಯಂತ್ರಕ್ಕೆ ಹೂವು ಇಳಿಬಿಟ್ಟು, ತಟ್ಟೆಯಲ್ಲಿ ಧಾರಾಳವಾಗಿ ಕರ್ಪೂರ ಹಚ್ಚಿ ಬೆಳಗಿದೆ. ಮೇಜಿನ ಮೇಲೆ ರಮ್ಯಾಳ ಡಬ್ಬಿ ಮುಚ್ಚಳ ತೆರೆದೇ ಇತ್ತು. ಒಳಗೆ ಕಾಯಿಸಿದ ಮತ್ತು ಕಾಯಿಸದ ಮಾದರಿಗಳು, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ತಾಮ್ರದ ಜಾಲರಿಗಳ ಮೇಲೆ. ಹುಡುಗಿಗೆ ಒಳ್ಳೆಯದಾಗಲಿ ಎಂದು ಅದಕ್ಕೂ ಹತ್ತಿರದಿಂದ ಮೂರು ಸುತ್ತು ಬೆಳಗಿದೆ.

ರಜೆ ಮುಗಿಸಿ ಬಂದು ಕಾಯಿಸಿದ ಮಾದರಿಯನ್ನು ಯಂತ್ರಕ್ಕಿಟ್ಟರೆ, ಕೊಳವೆಗಳ ನಡುವೆ ದುಂಡು ದುಂಡಗೆ ಏನೋ ಕಂಡಿತು. ಪದರದೊಳಗೆ ಪದರ, ಈರುಳ್ಳಿಯನ್ನು ಅಡ್ಡ ಕೊಯ್ದ ಹಾಗೆ. ಶಾಖಕ್ಕೆ ಕೊಳವೆಗಳೇ ಈರುಳ್ಳಿಯಾಗಿವೆ, ಹೀಗಾದದ್ದನ್ನು ಯಾರೂ ಕಂಡಿಲ್ಲ ಎಂದು ರಮ್ಯಾ ಕುರ್ಚಿಯಿಂದ ಎದ್ದೇಬಿಟ್ಟಳು. ಊರಿನಲ್ಲಿದ್ದ ಅಮ್ಮನಿಗೆ ಫೋನು ಮಾಡಿದಳು. ಬೇರೆ ಊರಿಗೆ ಹೋಗಿದ್ದ ತನ್ನ ಸಂಶೋಧನಾ ಮಾರ್ಗದರ್ಶಕರಿಗೆ ಸೋಮವಾರ ಚಿತ್ರ ತೋರಿಸುತ್ತೇನೆಂದು ಸಂದೇಶ ಕಳಿಸಿದಳು. ನನ್ನ ಕೈಗುಣ ಎಂದು ಹೊಗಳಿ ಕಾಫಿಯನ್ನೂ ತಂದುಕೊಟ್ಟಳು. ಉಬ್ಬಿಹೋದೆ. ಅರ್ಧ ಲೋಟ ಇಳಿದಿರಬೇಕು, ಇಂಥದ್ದನ್ನು ಮೊದಲೇ ಕಂಡ ನೆನಪಾಯಿತು. ಹಿಂದೊಮ್ಮೆ ಯಂತ್ರ ಖಾಲಿಯಿದ್ದಾಗ ಕುತೂಹಲಕ್ಕೆಂದು ಮನೆಯ ದೀಪದ ಮಸಿ ತಂದು ನೋಡಿದ್ದೆ. ಅದೂ ಹೀಗೇ ಇತ್ತು: ದುಂಡಗೆ, ಪದರ ಪದರವಾಗಿ, ಮಣಿ ಪೋಣಿಸಿದಂತೆ. ಕರ್ಪೂರದ ಹೊಗೆಯೂ ಮಸಿಯೇ ತಾನೆ?

ಅಲ್ಲಿಂದ ಸೋಮವಾರದ ತನಕ ನಾನು ಬದುಕಿದ್ದು ಹೆಸರಿಗೆ. ಹೇಳದೆ ಇದ್ದರೆ ಆ ಹುಡುಗಿ ನನ್ನ ಆರತಿಯ ಮಸಿಯನ್ನು ಪ್ರಬಂಧದಲ್ಲಿ ಬರೆದು, ಪರದೇಶದಲ್ಲಿ ಯಾರೋ ಕಾಯಿಸಿ ನೋಡಿ ಏನೂ ಬರದೆ, ಅವಳ ಡಿಗ್ರಿಗೇ ಕುತ್ತು. ಹೇಳಿದರೆ ಆ ಮುಖ ನೋಡಬೇಕಲ್ಲ. ಮನೆಯಲ್ಲಿ ಹೆಂಡತಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚಲು ಕೂತರೆ ಎದ್ದು ಹೊರಗೆ ಹೋದೆ. "ಹೆಚ್ಚೋಳು ನಾನು, ಕಣ್ಣಲ್ಲಿ ನೀರು ನಿಮಗ್ಯಾಕ್ ಬಂತು?" ಎಂದಳು.

ಸೋಮವಾರ ಮಾರ್ಗದರ್ಶಕರು ಬರುವ ಮುಂಚೆ, ಕಾಯಿಸದ ಮಾದರಿಯನ್ನೂ ಒಮ್ಮೆ ನೋಡಿಬಿಡೋಣ ಎಂದು ರಮ್ಯಾಳನ್ನು ಕೂರಿಸಿಕೊಂಡೆ. ಅದರಲ್ಲೂ ಈರುಳ್ಳಿ ಇದ್ದರೆ ಶಾಖಕ್ಕೂ ಅದಕ್ಕೂ ಸಂಬಂಧವಿಲ್ಲವೆಂದು ಅವಳಿಗೂ ಗೊತ್ತು. ಮೊದಲು ಕಂಡದ್ದೆಲ್ಲ ಬರೀ ಕೊಳವೆ. ನನಗೆ ಉಸಿರು ಬಂತು. ಜಾಲರಿಯ ಮೂಲೆಗೆ ಸರಿಸಿದೆ. ಅಲ್ಲಿ ಈರುಳ್ಳಿಗಳು ಸಾಲಾಗಿ ಕೂತಿದ್ದವು.

"ಕರ್ಪೂರದ ಮಸಿ ಕಣಮ್ಮಾ ಅದು. ನಾನೇ ಆರತೀನ ತೀರಾ ಹತ್ರ ಹಿಡಿದ್ಬಿಟ್ಟೆ," ಎಂದೆ.

ಅವಳು ಪರದೆಯನ್ನೇ ನೋಡುತ್ತಿದ್ದಳು. "ಡಬ್ಬಿ ಮುಚ್ಚಳ ತೆಗೆದಿಟ್ಟಿದ್ದು ನಾನು ಸಾರ್. ಮುಚ್ಚಿದ್ರೆ ಆರತಿ ತಾಗಲ್ಲ ಅಂತ." ಮೇಜಿನ ಮೇಲಿದ್ದ ಫೋನನ್ನು ಬೋರಲು ಹಾಕಿ, "ಅಮ್ಮ ಬೀದಿಗೆಲ್ಲಾ ಒಬ್ಬಟ್ಟು ಹಂಚವ್ರೆ. ಈಗ ಏನಂತ ಹೇಳ್ಲಿ?" ಎಂದಳು.

ಮಾರ್ಗದರ್ಶಕರು ಬೈಯಲಿಲ್ಲ, ಎಲ್ಲ ಕೇಳಿಸಿಕೊಂಡು, ಹೊಸದಾಗಿ ಮಾಡಿ ಎಂದರು, ಅಷ್ಟೇ. ಅದು ಬೈಗುಳಕ್ಕಿಂತ ಹೆಚ್ಚಾಯಿತು. ರಮ್ಯಾ ಮತ್ತೆ ಕಾಯಿಸಿದಳು, ಈ ಸಲ ಮುಚ್ಚಳ ಮುಚ್ಚಿ ತಂದಳು. ಈರುಳ್ಳಿಯ ಸುಳಿವಿಲ್ಲ. ಸೊಟ್ಟಗಿದ್ದ ಕೊಳವೆಗಳ ಗೋಡೆ ನೆಟ್ಟಗಾಗಿತ್ತು, ಕೆಲವದರ ತೆರೆದ ಬಾಯಿ ಮುಚ್ಚಿಕೊಂಡಿತ್ತು. ದೊಡ್ಡ ಸುದ್ದಿಯಲ್ಲ, ಆದರೆ ನಿಜ. ಕಾಯಿಸದ ಮಾದರಿಯಲ್ಲಿ ಅದಿರಲಿಲ್ಲ.

"ಇಷ್ಟು ಸಾಕು ಸಾರ್. ಇದು ನಂದೇ," ಎಂದು ಹಗುರಾಗಿ ಚಿತ್ರಗಳನ್ನು ತೆಗೆದುಕೊಂಡು ಹೊರಟಳು.

ನಾನೂ ಹಗುರಾಗಬೇಕಿತ್ತು. ಯಂತ್ರ ಆರಿಸಿ ಮನೆಗೆ ಹೋಗಬೇಕಿತ್ತು. ಬಿಟ್ಟುಹೋದ ಚೀಲಕ್ಕೆಂದು ಅವಳು ವಾಪಸು ಬಂದಾಗ ನಾನು ಇನ್ನೂ ಅಲ್ಲೇ ಕೂತು ಜಾಲರಿಯನ್ನು ಮೂಲೆಯಿಂದ ಮೂಲೆಗೆ ಸರಿಸುತ್ತಿದ್ದೆ. ಏನು ಹುಡುಕುತ್ತಿದ್ದೀರಿ ಎಂದು ಕೇಳಿದಳು. ಮಸಿ ಗಿಸಿ ಉಳಿದಿದೆಯೋ ಎಂದು ನೋಡುತ್ತಿದ್ದೇನೆ ಎಂದೆ. ಅವಳಿಗೆ ಹೇಗೆ ಹೇಳಲಿ, ಸಣ್ಣದಾದರೂ ಸರಿ, ಒಂದೇ ಒಂದು ಈರುಳ್ಳಿ ಶಾಖಕ್ಕೆ ನಿಜವಾಗಿಯೂ ಆಗಿದ್ದರೆ ಎಂಬ ಆಸೆಯಿಂದ ಹುಡುಕುತ್ತಿದ್ದೆ ಎಂದು.